ಹುತ್ತರಿ ಹುಣ್ಣಿಮೆಗಲ್ಲ, ಸಪ್ತಮಿಗೆ ನೋಡಿ: ಕಾಫಿ ಕಣದಲ್ಲಿ ಕೂತು ಅಪೊಲೊ ಇಳಿದ ಜಾಗ ಹುಡುಕೋದು ಹೇಗೆ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ, ಅಂಥ ಒಂದು ಹುತ್ತರಿ ರಾತ್ರಿ, ಕದಿರು ತೆಗ್ದು ಪೊಲಿ ಪೊಲಿ ದೇವಾ ಅಂತ ಕೂಗ್ಕೊಂಡು ಮನೆಗೆ ಬಂದು ಎಲ್ಲ ಅಂಗಳದಲ್ಲಿ ನಿಂತಿದ್ವಿ, ಮೇಲೆ ಚಂದ್ರ ಕಂಚಿನ ತಟ್ಟೆ ಹಾಗೆ, ಆಗ ಅಕ್ಕನ ಮಗಳು ನನ್ನ ಬೈನಾಕ್ಯುಲರ್ ಹಿಡ್ಕೊಂಡು ಬಂದು "ಮಾಮ, ಆರ್ಮ್‌ಸ್ಟ್ರಾಂಗ್ ಇಳಿದದ್ದು ಎಲ್ಲಿ ತೋರ್ಸು, ಬಾವುಟ ಕಾಣ್ತದಾ?" ಅಂದ್ಲು. ನಾನು ದೊಡ್ಡ ಪಂಡಿತನ ಹಾಗೆ ಇಸ್ಕೊಂಡು ನೋಡಿದ್ರೆ ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ ಬೆಳಕು, ಅಷ್ಟೇ. ಒಂದು ಗುಂಡಿ ಇಲ್ಲ ಒಂದು ಗುಡ್ಡ ಇಲ್ಲ. "ಅಲ್ಲೇ ಎಲ್ಲೋ ಮಧ್ಯದಲ್ಲಿ" ಅಂದೆ, ಅವಳು ನಂಬ್ಲಿಲ್ಲ, ಸರಿಯಾಗೇ ಮಾಡಿದ್ಲು.

ಆಮೇಲೆ ಕೊಯ್ಲು ಮುಗಿಯೋವರೆಗೂ ಸಂಜೆ ಸಂಜೆ ಕೂತು ಕಲಿತದ್ದು ಇಲ್ಲಿ ಬರೀತಿದ್ದೀನಿ. ಟೆಲಿಸ್ಕೋಪ್ ಬೇಡ. ಒಂದು ಸಾಧಾರಣ ಬೈನಾಕ್ಯುಲರ್, ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್, ಒಂದು ಚಂದ್ರನ ಮ್ಯಾಪ್, ಅದು ಫೋನ್‌ನಲ್ಲಿದ್ರೂ ಆಯ್ತು.

ಮೊದಲು ಬಾವುಟದ ವಿಷಯ ಮುಗಿಸಿಬಿಡೋಣ. ಕಾಣಲ್ಲ. ಅಲ್ಲಿ ಬಿಟ್ಟು ಬಂದಿರೋ ಇಳಿಯೋ ವಾಹನದ ಕೆಳಭಾಗ ಕಾಲು ಚಾಚಿದ್ರೂ 9 ಮೀಟರ್ ಅಗಲ, ನಮ್ಮಿಂದ ದೂರ ಸುಮಾರು 3,84,000 ಕಿಲೋಮೀಟರ್. ಹಬಲ್ ದೂರದರ್ಶಕಕ್ಕೂ ಅದು ಬೇರೆಯಾಗಿ ಕಾಣಲ್ಲ. ಚಂದ್ರನ ಸುತ್ತಲೇ ತಿರುಗ್ತಿರೋ ನಾಸಾದ ಎಲ್‌ಆರ್‌ಒ ಅನ್ನೋ ನೌಕೆ ಹತ್ತಿರದಿಂದ ಫೋಟೋ ತೆಗ್ದಿದೆ, ಅದ್ರಲ್ಲಿ ವಾಹನ, ಅದರ ನೆರಳು, ಇವ್ರು ನಡೆದ ದಾರಿ ಸಹ ಕಾಣ್ತದೆ. ನಮಗೆ ಕಾಣೋದು ಬಾವುಟ ಅಲ್ಲ, ಬಾವುಟ ನೆಟ್ಟ ಊರು. ನಮ್ಮಲ್ಲಿ ದಾರಿ ಹೇಳ್ತೀವಲ್ಲ, ಆ ಆಲದ ಮರ ಬಿಟ್ಟು ಮೇಲೆ ಬನ್ನಿ, ಗೇಟ್ ಸಿಗ್ತದೆ, ಅದರ ಎಡಕ್ಕೆ ಅಂತ, ಹಾಗೆ ಗುರುತು ಹಿಡ್ಕೊಂಡು ಹೋಗೋ ಕೆಲ್ಸ ಇದು.

ಈಗ ದಿನ. ಇದೊಂದು ಸರಿ ಮಾಡ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ. ಹುಣ್ಣಿಮೆ ದಿನ ಸೂರ್ಯನ ಬೆಳಕು ನೇರ ಮುಖಕ್ಕೆ ಬೀಳ್ತದೆ, ನೆರಳು ಇರಲ್ಲ, ನೆರಳಿಲ್ಲದೆ ಗುಂಡಿ ಯಾವುದು ಬಯಲು ಯಾವುದು ಗೊತ್ತಾಗಲ್ಲ. ಮಧ್ಯಾಹ್ನ ಹನ್ನೆರಡು ಗಂಟೆಗೆ ಕಣದಲ್ಲಿ ಹರಡಿದ ಕಾಫಿ ನೋಡಿ, ಎಲ್ಲ ಒಂದೇ ಸಮ ಕಾಣ್ತದೆ, ಸಂಜೆ ಐದಕ್ಕೆ ನೋಡಿ, ಕೆದಕಿದ ಸಾಲು ಸಾಲೂ ಎದ್ದು ಕಾಣ್ತದೆ. ಚಂದ್ರನಲ್ಲೂ ಅದೇ. ಬೆಳಕು ಕತ್ತಲೆ ಸೇರೋ ಗೆರೆ ಉಂಟಲ್ಲ, ಅದರ ಪಕ್ಕದ ಜಾಗದಲ್ಲಿ ಆಗಷ್ಟೇ ಬೆಳಗಾಗಿರ್ತದೆ, ನೆರಳು ಉದ್ದ ಉದ್ದ ಬಿದ್ದಿರ್ತದೆ. ಆ ಗೆರೆ ನಿಮಗೆ ಬೇಕಾದ ಜಾಗವನ್ನ ಸ್ವಲ್ಪ ದಾಟಿದ ದಿನ ನೋಡ್ಬೇಕು.

ನನಗೆ ಇದ್ರಲ್ಲಿ ತುಂಬಾ ಹಿಡಿಸಿದ್ದು ಏನಂದ್ರೆ ನಾಸಾದವ್ರೂ ಇದೇ ಲೆಕ್ಕ ಹಾಕಿ ಲಾಂಚ್ ದಿನ ಇಟ್ಟಿದ್ದು. ಇಳಿಯೋ ಜಾಗದಲ್ಲಿ ಸೂರ್ಯ ಹತ್ತು ಡಿಗ್ರಿ ಆಸುಪಾಸು ಮಾತ್ರ ಮೇಲೆ ಬಂದಿರ್ಬೇಕು, ಬೆನ್ನ ಹಿಂದೆ ಇರ್ಬೇಕು, ಆಗ ಬಂಡೆ ಗುಂಡಿ ಎಲ್ಲದರ ನೆರಳು ಕಿಟಕಿಯಿಂದ ಕಾಣ್ತದೆ ಅಂತ. ಆರ್ಮ್‌ಸ್ಟ್ರಾಂಗ್ ಜೀವ ಉಳಿಸಿದ್ದೂ ಒಂದು ಲೆಕ್ಕದಲ್ಲಿ ಅದೇ ನೆರಳು, ಕಂಪ್ಯೂಟರ್ ಅವರನ್ನ ಬಂಡೆ ತುಂಬಿದ ದೊಡ್ಡ ಗುಂಡಿ ಕಡೆಗೆ ಕರ್ಕೊಂಡು ಹೋಗ್ತಿತ್ತು, ಅದೂ ಸಾಲದ್ದಕ್ಕೆ 1202 ಅಂತ ಅಲಾರಂ ಹೊಡ್ಕೊಳ್ತಿತ್ತು, ಅವರು ಕಂಟ್ರೋಲ್ ಕೈಗೆ ತಗೊಂಡು ಬಂಡೆ ದಾಟಿಸಿ ಮುಂದೆ ಸಮ ಜಾಗದಲ್ಲಿ ಇಳಿಸಿದ್ರು. ಇಳೀಬೇಕು ಇಲ್ಲಾ ವಾಪಸ್ ಮೇಲೆ ಹೋಗ್ಬೇಕು ಅನ್ನೋ ಇಂಧನದ ಗಡುವಿಗೆ ಒಂದು ನಿಮಿಷವೂ ಉಳಿದಿರ್ಲಿಲ್ಲ. ಅಂದ್ರೆ ಅವರಿಗೆ ಇಳಿಯೋಕೆ ಒಳ್ಳೆ ದಿನ ಯಾವುದೋ ನಮಗೆ ನೋಡೋಕೂ ಅದೇ ಒಳ್ಳೆ ದಿನ.

ತಿಥಿ ಲೆಕ್ಕದಲ್ಲಿ ಹೇಳೋದಾದ್ರೆ, ಅಪೊಲೊ 11ಕ್ಕೆ, ಅಂದ್ರೆ ಆರ್ಮ್‌ಸ್ಟ್ರಾಂಗ್ ಇಳಿದ ಜಾಗಕ್ಕೆ, ಶುಕ್ಲ ಪಕ್ಷದ ಷಷ್ಠಿ ಕೊನೆ ಅಥವಾ ಸಪ್ತಮಿ. ಅಮಾವಾಸ್ಯೆ ಆಗಿ ಆರೇಳು ದಿನ ಅಂತ ಇಟ್ಕೊಳ್ಳಿ. ನಮ್ಮ ಅಜ್ಜಿ ಏಕಾದಶಿ ಚೌತಿ ನೋಡೋಕೆ ಇಟ್ಟ ಕ್ಯಾಲೆಂಡರ್ ಈಗ ಅಪೊಲೊ ನೋಡೋಕೆ ಉಪಯೋಗ ಆಗ್ತಿದೆ, ಅದ್ರಲ್ಲಿ ಪೆನ್ಸಿಲಲ್ಲಿ ಮಾರ್ಕ್ ಮಾಡಿದ್ದಕ್ಕೆ ಸ್ವಲ್ಪ ಬೈಸ್ಕೊಂಡೆ.

ಬೈನಾಕ್ಯುಲರ್ ಬಗ್ಗೆ. ಮೇಲೆ 7x50 ಅಥವಾ 10x50 ಅಂತ ಬರೆದಿರೋದು ತಗೊಳ್ಳಿ, ಮೊದಲ ನಂಬರ್ ಎಷ್ಟು ಪಟ್ಟು ದೊಡ್ಡದಾಗಿ ಕಾಣ್ತದೆ ಅಂತ, ಎರಡನೇದು ಮುಂದಿನ ಲೆನ್ಸ್ ಎಷ್ಟು ಮಿಲಿಮೀಟರ್ ಅಗಲ ಅಂತ. 20, 30 ಪಟ್ಟು ಅಂತ ಆಸೆ ಪಡಬೇಡಿ, ಕೈಯಲ್ಲಿ ಹಿಡಿಯೋಕಾಗಲ್ಲ, ಚಂದ್ರ ಕುಣೀತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಹಿಂದಿನಿಂದ ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡಿ. ನಾನು ಮೊದಲು ತಂದದ್ದು ಒಳಗೆಲ್ಲ ಜೇಡರ ಬಲೆ ಹಾಗೆ ಫಂಗಸ್, ಅಂಗಡಿಯವ್ರು ಧೂಳು ಒರಸಿದ್ರೆ ಹೋಗ್ತದೆ ಅಂದಿದ್ರು, ಒರಸೋಕೆ ಅದು ಹೊರಗಡೆ ಇದ್ರೆ ತಾನೆ. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿ ಬೆಲ್ಟ್ ಪುಸ್ತಕ ಯಾವುದಕ್ಕೆ ಬೂಸ್ಟ್ ಹಿಡಿಯಲ್ಲ ಹೇಳಿ, ಲೆನ್ಸ್‌ಗೂ ಹಿಡಿಯತ್ತೆ. ಆದ್ರಿಂದ ಜೂನ್‌ಗೆ ಮುಂಚೆ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ.

ಕೈ ನಡುಗೋದಕ್ಕೆ ಟ್ರೈಪಾಡ್ ಇದ್ರೆ ಒಳ್ಳೇದು, ಇಲ್ದಿದ್ರೆ ತೊಂದ್ರೆ ಇಲ್ಲ. ಅಜ್ಜನ ಕಾಲದ ಈಸಿ ಚೇರ್ ಅಟ್ಟದಲ್ಲಿದ್ರೆ ಇಳಿಸಿ, ಹಿಂದಕ್ಕೆ ಒರಗಿ ಎರಡೂ ಮೊಣಕೈ ಅದರ ಉದ್ದ ಕೈ ಮೇಲೆ ಊರಿದ್ರೆ ಬಂಡೆ ಹಾಗೆ ನಿಲ್ತದೆ. ಇಲ್ಲಾ ಮೆಣಸು ಕೊಯ್ಯೋ ಏಣಿ ಗೋಡೌನ್ ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಬೈನಾಕ್ಯುಲರ್ ಊರಿ ನೋಡಿ, ನಾನು ಹೀಗೂ ನೋಡಿದ್ದೀನಿ, ಕುತ್ತಿಗೆ ಮಾತ್ರ ಮರುದಿನ ಮಾತಾಡ್ತದೆ.

ಜಾಗಕ್ಕೆ ಕಣವೇ ಬೆಸ್ಟ್. ತೋಟದ ಒಳಗೆ ಸಿಲ್ವರ್ ಓಕ್ ಮಧ್ಯೆ ಆಕಾಶ ಎಲ್ಲಿ ಸಿಗ್ತದೆ, ಕಣ ಮಾತ್ರ ಬಿಸಿಲಿಗೆ ಅಂತಲೇ ತೆರೆದಿಟ್ಟ ಜಾಗ. ಕಾಫಿ ಗುಡ್ಡೆ ಮಾಡಿ ಟಾರ್ಪಲ್ ಮುಚ್ಚಿದ ಮೇಲೆ ಕುರ್ಚಿ ಹಾಕಿ. ಬೆಟ್ಟದ ಮೇಲೆ, ಗದ್ದೆ ಬಯಲಲ್ಲಿ ಚೆನ್ನಾಗಿ ಕಾಣ್ತದೆ ಅಂತ ರಾತ್ರಿ ಹೊರಡಬೇಡಿ ದಯವಿಟ್ಟು, ಆನೆಗೆ ನೀವು ಆರ್ಮ್‌ಸ್ಟ್ರಾಂಗ್ ಹುಡುಕ್ತಿದ್ದೀರಿ ಅಂತ ಗೊತ್ತಾಗಲ್ಲ. ಚಂದ್ರ ನೋಡೋಕೆ ಪೂರ್ತಿ ಕತ್ತಲೆ ಬೇಕಾಗಿಲ್ಲ, ಅಂಗಳದ ಲೈಟ್ ಉರೀತಿದ್ರೂ ನಡೀತದೆ. ಮಡಿಕೇರಿ ಕಡೆ ಮಂಜು ಬೇಗ ಇಳೀತದೆ, ಕುಶಾಲನಗರ ಕಡೆಯವ್ರಿಗೆ ಆಕಾಶ ಹೆಚ್ಚು ದಿನ ಸಿಗ್ತದೆ, ನಮ್ಮ ಸುಂಟಿಕೊಪ್ಪ ಆಚೆ ಈಚೆ ಅದೃಷ್ಟ. ಡಿಸೆಂಬರಿಂದ ಫೆಬ್ರವರಿ ಒಳ್ಳೆ ಕಾಲ, ಆಮೇಲೆ ಕಾಫಿ ಹೂ ಬಿಡಿಸೋ ಹೂಮಳೆಗೆ ಕಾಯ್ತಾ ಮೋಡ ನೋಡೋರೇ ಜಾಸ್ತಿ, ಚಂದ್ರನಿಗೋಸ್ಕರ ಮೋಡ ಬರ್ಬಾರ್ದು ಅಂತ ಹೇಳಿದ್ರೆ ಮನೆಯಲ್ಲೇ ಹೊಡೀತಾರೆ.

ನೋಡೋ ಹೊತ್ತು ಸಂಜೆ ಆರೂವರೆ, ಇನ್ನೂ ಸ್ವಲ್ಪ ನೀಲಿ ಬೆಳಕು ಇರೋವಾಗ್ಲೇ. ಆಗ ಚಂದ್ರ ಕಣ್ಣಿಗೆ ಕುಕ್ಕಲ್ಲ, ಮಂಜೂ ಇಳಿದಿರಲ್ಲ.

ಆದ್ರೆ ಅದಕ್ಕೆ ಮುಂಚೆ ಒಂದು ಹುಣ್ಣಿಮೆ ದಿನ ಬರಿಗಣ್ಣಲ್ಲಿ ಮೊಲ ಗುರುತು ಮಾಡ್ಕೊಳ್ಳಿ, ಹುಣ್ಣಿಮೆ ಅಷ್ಟಕ್ಕೆ ಉಪಯೋಗ. ಚಂದ್ರ ಪೂರ್ವದಲ್ಲಿ ಹುಟ್ಟುವಾಗ ಮೊಲ ನೆಟ್ಟಗೆ ಕೂತಿರ್ತದೆ, ತಲೆ ಮೇಲೆ, ಎರಡು ಕಿವಿ ಬಲಕ್ಕೆ ಚಾಚಿ, ಮೈ ಕೆಳಗೆ. ಆ ತಲೆಯೇ ಶಾಂತಿ ಸಾಗರ, ಮ್ಯಾಪ್‌ನಲ್ಲಿ ಮಾರೆ ಟ್ರಾಂಕ್ವಿಲಿಟಾಟಿಸ್ ಅಂತ ಇರ್ತದೆ. ಕಿವಿಗಳು ಮಾರೆ ಫೆಕುಂಡಿಟಾಟಿಸ್ ಮತ್ತು ಮಾರೆ ನೆಕ್ಟಾರಿಸ್. ತಲೆಗಿಂತಲೂ ಮೇಲೆ ಒಂಟಿಯಾಗಿ ಒಂದು ಕಪ್ಪು ಬೊಟ್ಟು ಉಂಟು, ಅದು ಮಾರೆ ಕ್ರಿಸಿಯಂ. ಸಾಗರ ಅಂತ ಹೆಸರು ಮಾತ್ರ, ನೀರಿಲ್ಲ, ಹಳೇ ಲಾವಾ ಹರಿದು ಗಟ್ಟಿಯಾದ ಬಯಲು. ಅಪೊಲೊ 11 ಇಳಿದದ್ದು ಮೊಲದ ಕಿವಿ ತಲೆಗೆ ಸೇರೋ ಬುಡದ ಹತ್ರ. ತಮಾಷೆ ಏನಂದ್ರೆ, ಇಳಿಯೋ ದಿನ ಬೆಳಿಗ್ಗೆ ಹ್ಯೂಸ್ಟನ್‌ನವ್ರು ಪೇಪರ್ ಸುದ್ದಿ ಓದಿ ಹೇಳೋವಾಗ, ಚೀನಾದ ಕಥೆಯಲ್ಲಿ ಚಂದ್ರನ ಮೇಲೆ ಒಬ್ಳು ಹುಡುಗಿ ಒಂದು ದೊಡ್ಡ ಮೊಲ ಇದಾರಂತೆ, ಸಿಕ್ಕಿದ್ರೆ ನೋಡಿ ಅಂತ ಹೇಳಿದ್ರು. ಅವರು ಹೋಗಿ ಇಳಿದದ್ದು ಮೊಲದ ತಲೆ ಮೇಲೇ.

ಈಗ ಷಷ್ಠಿ ಸಪ್ತಮಿ ಸಂಜೆಗೆ ಬನ್ನಿ. ಆ ದಿನ ಮೊಲದ ತಲೆ ಕಿವಿ ಮಾತ್ರ ಬೆಳಕಲ್ಲಿ, ಮೈ ಹೆಚ್ಚಿನದು ಕತ್ತಲೆಯಲ್ಲಿ. ಚಂದ್ರ ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ಜಾರಿರ್ತದೆ. ಮ್ಯಾಪ್ ಹೇಗೆ ಹಿಡಿಯೋದು ಅಂತ ಇಲ್ಲೇ ಎಲ್ಲರೂ ಎಡವೋದು, ನಾನೂ ಒಂದು ವಾರ ಎಡವಿದೆ. ಸುಲಭ ದಾರಿ, ಕಣದಲ್ಲಿ ಚಾಪೆ ಹಾಕಿ ಕಾಲು ದಕ್ಷಿಣಕ್ಕೆ ತಲೆ ಉತ್ತರಕ್ಕೆ ಹಾಕಿ ಮಲ್ಕೊಳ್ಳಿ, ಈಸಿ ಚೇರ್ ಆದ್ರೂ ಅದೇ ದಿಕ್ಕಿಗೆ, ಆಗ ಮ್ಯಾಪ್ ಹೇಗಿದೆಯೋ ಹಾಗೇ ಚಂದ್ರ ಕಾಣ್ತದೆ, ಕ್ರಿಸಿಯಂ ಬಲಗಡೆ ಮೇಲೆ. ಉತ್ತರಕ್ಕೆ ತಲೆ ಹಾಕಿದ್ದು ನೋಡಿ ಅಜ್ಜಿ ಒಳಗಿಂದ್ಲೇ ಕೂಗಿದ್ರು, ನಿದ್ದೆ ಮಾಡ್ತಿಲ್ಲ ಅಜ್ಜಿ ನೋಡ್ತಿದ್ದೀನಿ ಅಂದೆ, ಅದಕ್ಕೂ ಶಾಸ್ತ್ರ ಉಂಟು ಅಂದ್ರು. ರಾತ್ರಿ ಒಂಬತ್ತರ ಮೇಲೆ ಚಂದ್ರ ಪಶ್ಚಿಮಕ್ಕೆ ಇಳಿದ ಮೇಲೆ ನೋಡೋದಾದ್ರೆ ಪಶ್ಚಿಮಕ್ಕೆ ಮುಖ ಮಾಡಿ ಕೂತು ಮ್ಯಾಪನ್ನ ಗಡಿಯಾರದ ಮುಳ್ಳು ಹೋಗೋ ಕಡೆಗೆ ಕಾಲು ಸುತ್ತು ತಿರುಗಿಸಿ, ಸರಿ ಹೋಗ್ತದೆ. ನಮ್ಮಲ್ಲಿ ಬಿದಿಗೆ ತದಿಗೆ ಚಂದ್ರ ದೋಣಿ ಹಾಗೆ ಮಲಗಿರ್ತದಲ್ಲ, ನಾವು ಭೂಮಧ್ಯರೇಖೆಗೆ ಹತ್ತಿರ ಇರೋದ್ರಿಂದ ಹಾಗೆ, ಮ್ಯಾಪ್ ತಿರುಗಿಸ್ಬೇಕಾಗೋದೂ ಅದಕ್ಕೇ.

ಮಲಗಿ ನೋಡ್ತಿದ್ದೀರಿ ಅಂತ ಇಟ್ಕೊಂಡು ದಾರಿ ಹೇಳ್ತೀನಿ. ಬೆಳಕು ಕತ್ತಲೆ ಗೆರೆ ಹಿಡ್ಕೊಂಡು ಕೆಳಗೆ ಬನ್ನಿ, ನೆಕ್ಟಾರಿಸ್ ಅಂದ್ರೆ ಕೆಳಗಿನ ಚಿಕ್ಕ ಕಿವಿ, ಅದರ ಎಡ ಅಂಚಿನಲ್ಲಿ ಮೂರು ದೊಡ್ಡ ಗುಂಡಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಉಂಟು. ಮೇಲಿನದು ಥಿಯೋಫಿಲಸ್, ಸುಮಾರು 100 ಕಿಲೋಮೀಟರ್ ಅಗಲ, ಮಧ್ಯದಲ್ಲಿ ಬೆಳ್ಳಗೆ ಒಂದು ಗುಡ್ಡ. ಇದು ನಿಮ್ಮ ಆಲದ ಮರ, ಇದು ಸಿಕ್ಕದೆ ಮುಂದೆ ಹೋಗಬೇಡಿ. ಅಲ್ಲಿಂದ ನೇರ ಮೇಲಕ್ಕೆ, ಸ್ವಲ್ಪ ಎಡಕ್ಕೆ ವಾಲಿ, ಥಿಯೋಫಿಲಸ್‌ನ ಅಗಲದ ಮೂರೂವರೆ ಪಟ್ಟು ಹೋಗಿ. ಒರಟು ಬಿಳಿ ನೆಲ ಮುಗಿದು ಕಪ್ಪು ಬಯಲು ಶುರುವಾಗ್ತದೆ, ಆ ಅಂಚಿನ ಸ್ವಲ್ಪ ಒಳಗೆ. ಕೈ ಅಲುಗದೆ ಇದ್ರೆ ಅಂಚಲ್ಲಿ ಜೋಡಿ ಚುಕ್ಕೆ ಹಾಗೆ ಎರಡು ಗುಂಡಿ ಸಿಗ್ತದೆ, ರಿಟ್ಟರ್ ಮತ್ತು ಸಬೈನ್, ಅದರ ಬಲಗಡೆಯ ಬಯಲೇ ಆ ಜಾಗ. ಆರ್ಮ್‌ಸ್ಟ್ರಾಂಗ್, ಅವರ ಜೊತೆ ಹೋದ ಆಲ್ಡ್ರಿನ್, ಕಾಲಿನ್ಸ್ ಹೆಸರಲ್ಲಿ ಮೂರು ಪುಟ್ಟ ಗುಂಡಿ ಅಲ್ಲೇ ಉಂಟು, ದೊಡ್ಡದೇ 5 ಕಿಲೋಮೀಟರ್ ಇಲ್ಲ, ಬೈನಾಕ್ಯುಲರ್‌ಗೆ ಸಿಗಲ್ಲ.

ಮೊದಲ ಸಲ ಸಿಕ್ಕಿದಾಗ ಅಕ್ಕನ ಮಗಳು "ಅಲ್ಲಿ ಏನೂ ಇಲ್ಲ ಮಾಮ" ಅಂದ್ಲು. ಹೌದು, ಏನೂ ಇಲ್ಲದ ಜಾಗ ಅಂತಲೇ ಆರಿಸಿದ್ದು, ಮೊದಲ ಸಲ ಇಳಿಯೋರು ಗುಡ್ಡ ಬೆಟ್ಟ ನೋಡ್ಕೊಂಡು ಇಳೀತಾರಾ.

ಕಣ್ಣು ಅಲ್ಲಿಂದ ತೆಗೆಯೋ ಮುಂಚೆ ಬಲಗಡೆ ಮೇಲಿನ ಒಂಟಿ ಬೊಟ್ಟು ಕ್ರಿಸಿಯಂಗೆ ಹೋಗಿ. ಇದನ್ನ ನೋಡದೆ ಬಂದ್ರೆ ಅಮೆರಿಕ ಸೋವಿಯತ್ ಮಧ್ಯೆ ಚಂದ್ರನಿಗೆ ನಡೆದ ರೇಸ್ ಅರ್ಧ ಮಾತ್ರ ನೋಡಿದ ಹಾಗೆ. ಆರ್ಮ್‌ಸ್ಟ್ರಾಂಗ್ ಆಲ್ಡ್ರಿನ್ ಇನ್ನೂ ಚಂದ್ರನ ಮೇಲೇ ಇದ್ದಾಗ ಸೋವಿಯತ್‌ನವರ ಲೂನಾ 15 ಅನ್ನೋ ಮನುಷ್ಯರಿಲ್ಲದ ನೌಕೆ ಚಂದ್ರನ ಸುತ್ತ ತಿರುಗ್ತಿತ್ತು, ಮಣ್ಣು ತಗೊಂಡು ಇವರಿಗಿಂತ ಮುಂಚೆ ಮನೆಗೆ ತಲುಪೋ ಕೊನೇ ಪ್ರಯತ್ನ. ಅದು ಬಿದ್ದು ಚೂರಾದದ್ದು ಈ ಕ್ರಿಸಿಯಂನಲ್ಲಿ. ಅದಕ್ಕೆ ಎರಡೂವರೆ ವಾರ ಮುಂಚೆ, 1969ರ ಜುಲೈ 3ಕ್ಕೆ ಅವರ ಎನ್1 ಅನ್ನೋ ದೈತ್ಯ ರಾಕೆಟ್ ಲಾಂಚ್ ಪ್ಯಾಡ್ ಮೇಲೇ ಬಿದ್ದು ಪ್ಯಾಡೂ ಸುಟ್ಟು ಹೋಗಿತ್ತು, ಮನುಷ್ಯರನ್ನ ಕಳಿಸೋ ಆಸೆ ಅಲ್ಲೇ ಹಳ್ಳ ಹಿಡಿದಿತ್ತು.

ನಮ್ಮ ಟೈಮ್ ಲೆಕ್ಕ ಹಾಕಿದ್ರೆ ಇನ್ನೂ ಮಜಾ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಇಲ್ಲಿಯ ಗಡಿಯಾರದಲ್ಲಿ ಜುಲೈ 21 ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ. ಆಗ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ, ನಮ್ಮ ಅಜ್ಜ ರೇಡಿಯೋದಲ್ಲಿ ಕೇಳಿ, ಕಕ್ಕಡ ತಿಂಗಳ ಮಳೆಯಲ್ಲಿ ಕೊಡೆ ಹಿಡ್ಕೊಂಡು ಅಂಗಳಕ್ಕೆ ಬಂದು ಮೇಲೆ ನೋಡಿದ್ರಂತೆ. ಮೋಡ ಇಲ್ದಿದ್ರೂ ಕಾಣ್ತಿರ್ಲಿಲ್ಲ ಅಜ್ಜ, ಆ ಹೊತ್ತಿಗೆ ಚಂದ್ರ ನಮಗೆ ಹುಟ್ಟಿರ್ಲೇ ಇಲ್ಲ, ಹನ್ನೊಂದರ ಮೇಲೆ ಹುಟ್ಟೋದು. ಲೂನಾ 15 ಬಿದ್ದದ್ದು ಅದೇ ದಿನ ರಾತ್ರಿ 9 ಗಂಟೆ 20ರ ಸುಮಾರಿಗೆ, ಆಗ ಮಾತ್ರ ಚಂದ್ರ ನಮ್ಮ ಪಶ್ಚಿಮದ ಆಕಾಶದಲ್ಲೇ ಇದ್ದ, ಮೋಡದ ಹಿಂದೆ.

ನಮ್ಮ ಚಿಕ್ಕಪ್ಪ ಒಬ್ರು ಇದಾರೆ, ಅದೆಲ್ಲ ಸ್ಟುಡಿಯೋದಲ್ಲಿ ತೆಗ್ದದ್ದು ಅಂತ ವಾಟ್ಸಾಪ್‌ನಲ್ಲಿ ಓದಿ ನಂಬಿದ್ದಾರೆ. ಅವರಿಗೆ ನಾನು ತೋರಿಸೋದು ಅಪೊಲೊ ಜಾಗ ಅಲ್ಲ, ಈ ಕ್ರಿಸಿಯಂ. ಪಕ್ಕದ ತೋಟದವನ ಜೊತೆ ಗಡಿ ಜಗಳ ಇದ್ದಾಗ ಅವನು ಹಾಕಿದ ಬೇಲಿ ಸುಳ್ಳು ಆದ್ರೆ ಮೊದಲು ಕಿರುಚೋದು ಯಾರು, ನಾವೇ ತಾನೆ. ಸೋವಿಯತ್‌ನವ್ರು ಅವತ್ತು ಚಂದ್ರನ ಪಕ್ಕದಲ್ಲೇ ಇದ್ರು, ಕಿರುಚ್ಲಿಲ್ಲ. ಅಪೊಲೊ 11, 14, 15ರವ್ರು ಇಟ್ಟು ಬಂದ ಪ್ರತಿಫಲಕಗಳಿಗೆ ಇವತ್ತಿಗೂ ಲೇಸರ್ ಬಿಟ್ಟು ದೂರ ಅಳೀತಾರೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದ್ದಾನೆ ಅಂತ ಗೊತ್ತಾದದ್ದು ಹಾಗೆ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ, ಆದ್ರೆ ಬೈನಾಕ್ಯುಲರ್ ವಾಪಸ್ ಕೊಡೋಕೆ ಅರ್ಧ ಗಂಟೆ ತಗೊಂಡ್ರು.

ಉಳಿದ ಜಾಗ ಬೇಗ ಬೇಗ ಹೇಳ್ತೀನಿ. ಸಪ್ತಮಿ ದಿನವೇ ಅದೇ ಥಿಯೋಫಿಲಸ್‌ನಿಂದ ಎಡಕ್ಕೆ ಅದರ ಅಗಲದ ಮೂರು ಪಟ್ಟು ಹೋದ್ರೆ ಅಪೊಲೊ 16ರ ಡೆಕಾರ್ಟ್ ಗುಡ್ಡಗಾಡು, 1972ರ ಏಪ್ರಿಲ್, ನೋಡೋಕೆ ಅಂಥದ್ದೇನಿಲ್ಲ. ಅಪೊಲೊ 11ರಿಂದ ಮೇಲೆ ಬಲಕ್ಕೆ ಹೋದ್ರೆ ಶಾಂತಿ ಸಾಗರದ ಮೇಲೆ ಇನ್ನೊಂದು ದುಂಡು ಬಯಲು ಸೆರೆನಿಟಾಟಿಸ್, ಅದರ ಕೆಳಗಿನ ಬಲ ಮೂಲೆಯ ಗುಡ್ಡಗಳ ಸಂದಿಯಲ್ಲಿ ಅಪೊಲೊ 17 ಇಳಿದದ್ದು, 1972ರ ಡಿಸೆಂಬರ್. ಸರ್ನನ್ ಜೊತೆ ಹೋದ ಶ್ಮಿಟ್ ಕಲ್ಲು ಮಣ್ಣು ಓದಿದ ಭೂವಿಜ್ಞಾನಿ. ಅದಾದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿಲ್ಲ, ಒಟ್ಟು ಹನ್ನೆರಡೇ ಜನ. ಅದೇ ಅಂಚಲ್ಲಿ ಸ್ವಲ್ಪ ಮೇಲೆ ಅರ್ಧ ಒಡೆದ ಬಟ್ಟಲಿನ ಹಾಗೆ ಲೆ ಮೊನ್ನಿಯೆ ಗುಂಡಿ, ಅಲ್ಲಿ ಒಂದೇ ತಿಂಗಳ ಅಂತರದಲ್ಲಿ, 1973ರ ಜನವರಿಯಲ್ಲಿ ಸೋವಿಯತ್‌ನವರ ಲೂನೋಖೋದ್ 2 ಅನ್ನೋ ಮನುಷ್ಯರಿಲ್ಲದ ಗಾಡಿ ಇಳೀತು, ಭೂಮಿಯಿಂದಲೇ ಓಡಿಸ್ತಾ 39 ಕಿಲೋಮೀಟರ್ ಓಡಿಸಿದ್ರು. ಸೋತವ್ರು ಅಂತ ಸುಮ್ನೆ ಹೇಳ್ತೀವಿ.

ಅಷ್ಟಮಿ ನವಮಿಗೆ ಮಾತ್ರ ತಪ್ಪಿಸ್ಬೇಡಿ, ನನ್ನ ಪ್ರಕಾರ ಎಲ್ಲಕ್ಕಿಂತ ಚಂದದ ಜಾಗ ಅದು. ಗೆರೆ ಅರ್ಧ ಚಂದ್ರ ದಾಟಿರ್ತದೆ, ಮೇಲಿನ ಅರ್ಧದಲ್ಲಿ ಬಿಲ್ಲಿನ ಹಾಗೆ ಬಾಗಿದ ಬೆಟ್ಟದ ಸಾಲು ಹೊಳೀತಿರ್ತದೆ, ಅಪೆನೈನ್ಸ್. ಕೆಲವು ಶಿಖರ 5 ಕಿಲೋಮೀಟರ್ ಮೀರ್ತದೆ, ನಮ್ಮ ತಡಿಯಂಡಮೋಳ್ ಬೆಟ್ಟ ಮೂರು ಒಂದರ ಮೇಲೊಂದು ಇಟ್ಟಷ್ಟು. ಅದರ ಬುಡದಲ್ಲಿ ಹ್ಯಾಡ್ಲಿ ಅನ್ನೋ ಕಡೆ 1971ರ ಜುಲೈ ಕೊನೆಗೆ ಅಪೊಲೊ 15, ಮೊದಲ ಸಲ ಕಾರ್ ತಗೊಂಡು ಹೋದವ್ರು. ಅಲ್ಲಿಂದ ಎಡಕ್ಕೆ ಸ್ವಲ್ಪ ಮೇಲೆ ಆರ್ಕಿಮಿಡಿಸ್ ಅನ್ನೋ ಸಮತಟ್ಟಾದ ಗುಂಡಿ, ಅದರ ಹತ್ರ 1959ರ ಸೆಪ್ಟೆಂಬರ್‌ನಲ್ಲಿ ಲೂನಾ 2 ಬಂದು ಡಿಕ್ಕಿ ಹೊಡೀತು, ಮನುಷ್ಯ ಮಾಡಿದ್ದೊಂದು ಚಂದ್ರನನ್ನ ಮುಟ್ಟಿದ್ದು ಅದೇ ಮೊದಲು.

ಗಗಾರಿನ್ ಎಲ್ಲಿ ಅಂತ ಅಕ್ಕನ ಮಗಳು ಕೇಳಿದ್ಲು. 1961ರ ಏಪ್ರಿಲ್ 12ಕ್ಕೆ 108 ನಿಮಿಷದಲ್ಲಿ ಭೂಮಿ ಸುತ್ತಿ ಬಂದ 27 ವರ್ಷದ ಸೋವಿಯತ್ ಹುಡುಗ, ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ, ಅವನ ಹೆಸರಿನ ಗುಂಡಿ ಉಂಟು, ಆದ್ರೆ ಚಂದ್ರನ ಆ ಕಡೆ ಮುಖದಲ್ಲಿ, ಇಲ್ಲಿಂದ ಯಾವತ್ತೂ ಕಾಣಲ್ಲ. ಆ ರಾಕೆಟ್ ಮಾಡಿದ ಕೊರೊಲ್ಯೊವ್ ಬದುಕಿರೋವರೆಗೂ ಹೆಸರೇ ಹೊರಗೆ ಬಿಟ್ಟಿರ್ಲಿಲ್ಲ, ಅವನ ಗುಂಡಿಯೂ ಆ ಕಡೆಗೇ. 1967ರ ಜನವರಿಯಲ್ಲಿ ನೆಲದ ಮೇಲೆ ಟೆಸ್ಟ್ ಮಾಡುವಾಗ ಅಪೊಲೊ 1ರ ಒಳಗೆ ಬೆಂಕಿ ಬಿದ್ದು ಹೋದ ಗ್ರಿಸಮ್, ವೈಟ್, ಚಾಫಿ, ಅದೇ ಏಪ್ರಿಲ್‌ನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಸತ್ತ ಸೋವಿಯತ್‌ನ ಕೊಮರೊವ್, ಎಲ್ಲರ ಗುಂಡಿಯೂ ಹಿಂಬದಿಯಲ್ಲೇ. ಅವರನ್ನ ನೋಡ್ಬೇಕಂದ್ರೆ ಮತ್ತೆ ಹ್ಯಾಡ್ಲಿಗೇ ಬರ್ಬೇಕು. ಅಪೊಲೊ 15ರವ್ರು ಬರೋವಾಗ ಸದ್ದಿಲ್ಲದೆ ಒಂದು ಬೆರಳುದ್ದದ ಅಲ್ಯೂಮಿನಿಯಂ ಗೊಂಬೆ, ಪಕ್ಕದಲ್ಲಿ ತೀರಿಹೋದ 14 ಗಗನಯಾತ್ರಿಗಳ ಹೆಸರಿನ ಫಲಕ ಇಟ್ಟು ಬಂದ್ರು, ಅಮೆರಿಕದವ್ರು ರಷ್ಯದವ್ರು ಅಂತ ನೋಡದೆ ಅಕ್ಷರಮಾಲೆ ಕ್ರಮದಲ್ಲಿ. ಗಗಾರಿನ್, ಕೊಮರೊವ್, ಗ್ರಿಸಮ್ ಎಲ್ಲ ಅದ್ರಲ್ಲಿ ಇದಾರೆ.

ದಶಮಿಗೆ ಎಡ ಅರ್ಧದಲ್ಲಿ ಕೋಪರ್ನಿಕಸ್ ಅನ್ನೋ ದೊಡ್ಡ ಗುಂಡಿ ಹುಡುಕಿ, ಸಿಗದೆ ಇರೋ ಚಾನ್ಸೇ ಇಲ್ಲ. ಅದರ ಕೆಳಗೆ ಅಪೊಲೊ 12, ಅದರ ಬಲ ಪಕ್ಕಕ್ಕೆ ಅಪೊಲೊ 14. 12ರವ್ರು ಎರಡೂವರೆ ವರ್ಷ ಮುಂಚೆ ಇಳಿದಿದ್ದ ಸರ್ವೆಯರ್ 3 ಅನ್ನೋ ಯಂತ್ರದ ಪಕ್ಕದಲ್ಲೇ ಇಳಿದು ಅದರ ಕ್ಯಾಮೆರಾ ಬಿಚ್ಕೊಂಡು ಬಂದ್ರು. 14ರಲ್ಲಿ ಹೋದದ್ದು ಶೆಪರ್ಡ್, 1961ರಲ್ಲಿ 15 ನಿಮಿಷ ಮೇಲೆ ಹೋಗಿ ಬಂದ ಮೊದಲ ಅಮೆರಿಕನ್, ಆಮೇಲೆ ಕಿವಿ ಖಾಯಿಲೆ ಅಂತ ವರ್ಷಗಟ್ಟಲೆ ಆಫೀಸಲ್ಲಿ ಕೂರಿಸಿದ್ರು, ಆಪರೇಷನ್ ಮಾಡಿಸ್ಕೊಂಡು 47ನೇ ವಯಸ್ಸಿಗೆ ಚಂದ್ರನ ಮೇಲೆ ಹೋಗಿ ಗಾಲ್ಫ್ ಆಡಿ ಬಂದ.

ನೋಡಿ ಮುಗಿದ ಮೇಲೆ ಬೈನಾಕ್ಯುಲರ್ ಸೀದಾ ಡಬ್ಬಿಗೆ ಹಾಕಬೇಡಿ, ಇಬ್ಬನಿ ಕೂತಿರ್ತದೆ, ಒಳಗೆ ತಂದು ಒಂದು ಗಂಟೆ ಮೇಜಿನ ಮೇಲೆ ಬಿಟ್ಟು ಆಮೇಲೆ ಮುಚ್ಚಿ. ಯಾವ ತಿಥಿ, ಎಷ್ಟು ಗಂಟೆ, ಯಾವುದು ಸಿಕ್ತು ಯಾವುದು ಸಿಗ್ಲಿಲ್ಲ ಬರೆದಿಡಿ, ಮುಂದಿನ ತಿಂಗಳು ಅಲ್ಲಿಂದಲೇ ಶುರು ಮಾಡಬಹುದು. ನಮ್ಮ ಮನೆಯಲ್ಲಿ ಅದು ಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಉಂಟು, ಮುಂದೆ ಯಾರು ಎಷ್ಟು ಕೆಜಿ ಕೊಯ್ದ್ರು, ಹಿಂದೆ ಅಕ್ಕನ ಮಗಳ ಅಕ್ಷರದಲ್ಲಿ "ಸಪ್ತಮಿ, 6:40, ಥಿಯೋಫಿಲಸ್ ಸಿಕ್ತು, ಸಬೈನ್ ಡೌಟು, ಅಜ್ಜಿ ಬೈದ್ರು".